ಅಕಿಗಿ ಕೇಳ್ರಿ

ಇಡೀ ಗೊಂದಲಕ್ಕೆ ಕಾರಣವಾದದ್ದು ಒಂದು ಹೆಸರು. ಫಿನ್ಲೆಂಡ್ ದೇಶದಲ್ಲಿ ಯಾರೋ ತಂದೆತಾಯಿ ತಮ್ಮ ಗಂಡುಮಗುವಿಗೆ ‘ಅಕಿ’ ಎಂದು ಹೆಸರಿಟ್ಟರು. ಅವರ ಕಡೆ ಅದು ತೀರ ಸಾಮಾನ್ಯ ಹೆಸರಂತೆ, ಓಣಿಗೊಬ್ಬ ಸಿಗುತ್ತಾನಂತೆ. ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ಎಕಂಬಾ ಎಂಬ ಊರಿದೆ, ಅಲ್ಲಿ ‘ಅಕಿ’ ಅಂದರೆ ‘ಅವಳು’ ಎಂದು ಅವರಿಗೆ ಯಾರು ಹೇಳಬೇಕಿತ್ತು? ಅವರ ಮೇಲೆ ಸಿಟ್ಟು ಮಾಡಿಕೊಂಡು ಉಪಯೋಗವಿಲ್ಲ.

ಎಕಂಬಾದ ಮಹಾಮಾಯಾ ಮನೆಯ ಕತ್ತಲ ಮೂಲೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕುಳಿತು, ಸೂಜಿಗೆ ದಾರ ಪೋಣಿಸಲು ಮೂರನೇ ಸಲ ಹೆಣಗುತ್ತಿದ್ದಾಗ ಫೋನು ಬಂತು. ಆ ಕಡೆ ಕರುಣಾ ಟೀಚರ್ ಇದ್ದಳು. ಮಗಳು ಸಪನಾಳಿಗೆ ಶಾಲೆಯಲ್ಲಿ ಫುಟ್‌ಬಾಲ್ ಕಲಿಸುವವಳು ಅವಳೇ.

“ಜೈಭೀಮ ಅಕ್ಕಾ. ಖುಷಿ ಸುದ್ದಿ ಅದರಿ. ಬೀದರದಾಗ ಹುಡಗ್ಯಾರ ಫುಟ್‌ಬಾಲ್ ಹಾಸ್ಟೆಲ್ ಸುರು ಆಗ್ತದ. ಮೂರು ವರ್ಷ ಅಲ್ಲೇ ಇದ್ದು ಸಾಲಿನೂ ಕಲೀಬೇಕು, ಆಟಾನೂ ಕಲೀಬೇಕು. ಪೂರಾ ಜಿಲ್ಲಾದಾಗ ಹನ್ನೆರಡ ಮಂದಿಗಿ ಆರಸ್ಯಾರ, ನಮ್ಮ ಸಪನಾನ ಹೆಸರ ಬಂದದ. ಕಲಸ್ಲಿಕ್ಕ ಫಿನ್ಲೆಂಡಿಂದ ಅಕಿ ಬಂದಾರ.”

“ಯಾಕಿ?” ಎಂದಳು ಮಹಾಮಾಯಾ, ಯಾವಳು ಎಂಬರ್ಥದಲ್ಲಿ.

“ಅಕಿ.”

“ಅದೇ ಟೀಚರ್, ಯಾಕಿ ಅಂತ ಕೇಳ್ಲತೀನಿ.”

“ಅಕೀರಿ! ಭಾಳ ದೊಡ್ಡ ಪ್ಲೇಯರ್. ಮಿಡ್‌ಫೀಲ್ಡರ್, ನಮ್ಮ ಸಪನಾನಂಗೇ. ಪೂರಾ ಕತಿ ಮೊಬೈಲಿಗಿ ಹಾಕ್ತೇನಿ, ಓದ್ರಿ. ಫಾರ್ಮಿನ್ಯಾಗ ಅಣ್ಣಾರ ಸಹಿ ಆಗ್ಯದ, ನಿಮ್ಮ ಸಹಿ ಬೇಕು. ಐತಾರದೊಳಗ ಕೊಡ್ಲಿಲ್ಲಂದ್ರ ಆ ಜಾಗಾ ಜನವಾಡದ ಹುಡಗಿಗಿ ಹೋಗ್ತದ.”

ಮಹಾಮಾಯಾ ಫೋನು ಇಟ್ಟು ಮತ್ತೆ ದಾರ ಕೈಗೆತ್ತಿಕೊಂಡಳು. ‘ಅಕಿ’ ಅಂತಾಳೆ, ಜೊತೆಗೆ ‘ಬಂದಾರ’ ಅಂತಾಳೆ. ಮರ್ಯಾದೆ ಕೊಡುವುದಾದರೆ ಸರಿಯಾಗಿ ‘ಅವರು’ ಅನ್ನಬೇಕಪ್ಪ, ಅರ್ಧ ಕೊಟ್ಟು ಅರ್ಧ ಇಟ್ಟುಕೊಳ್ಳುವುದು ಎಂಥ ಪದ್ಧತಿ? ಫಿನ್ಲೆಂಡಿನ ಹೆಂಗಸಿನ ಹೆಸರು ನಾಲಿಗೆಗೆ ಹೊರಳದೆ ಹಾಗೆ ಅಂದಿರಬೇಕು ಎಂದು ತಾನೇ ಸಮಾಧಾನ ಮಾಡಿಕೊಂಡಳು. ಹೆಣ್ಣುಮಗಳೇ ಕಲಿಸುತ್ತಾಳೆ ಅನ್ನುವುದು ಅವಳಿಗೆ ಒಳಗೊಳಗೆ ಹಿಡಿಸಿತು. ಗಂಡ ಅಶ್ವಜಿತ ಔರಾದ ಡಿಪೋದಲ್ಲಿ ಬಸ್ ಡ್ರೈವರ್. ಅವನು ಬೆಳಿಗ್ಗೆಯೇ ಬಸ್ಸಿನ ಬಾನೆಟ್ ಮೇಲೆ ಫಾರ್ಮು ಇಟ್ಟುಕೊಂಡು, ಒಂದಕ್ಷರ ಓದದೆ ಸಹಿ ಗೀಚಿ ಟೀಚರಿಗೆ ಕೊಟ್ಟಿದ್ದ. ಫೋನು ಮಾಡಿ ಕೇಳಿದರೆ “ನಾ ಮಾಡೀನಿ. ಉಳದದ್ದು ನೀ ನೋಡು” ಅಂದ. ಉಳಿದದ್ದು ಅಂದರೆ ಯಾವಾಗಲೂ ಎಲ್ಲವೂ ಉಳಿದಿರುತ್ತದೆ ಎಂಬುದು ಗಂಡಸರಿಗೆ ಹೊಳೆಯುವುದಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಕಸ್ತೂರಿಬಾಯಿ ಜಂಪರಿನ, ಅಂದರೆ ರವಿಕೆಯ, ಅಳತೆ ಕೊಡಲು ಬಂದಳು. ವಯಸ್ಸಾದಾಕೆ, ಕೊರಳಲ್ಲಿ ಲಿಂಗ, ಬಾಯಲ್ಲಿ ಊರಿನ ಸಮಸ್ತ ಸುದ್ದಿ. ಮಹಾಮಾಯಾ ಅವಳನ್ನು ಕಾಕಿ ಎನ್ನುತ್ತಿದ್ದಳು. ಇಬ್ಬರೂ ಬಾಗಿಲ ಬೆಳಕಿಗೆ ಬಂದು ಮೊಬೈಲು ಹಿಡಿದು ಕುಳಿತರು. ಕರುಣಾ ಟೀಚರ್ ಇಂಗ್ಲಿಷಿನ ಪುಟವನ್ನು ಮೊಬೈಲಿನಿಂದಲೇ ಕನ್ನಡ ಮಾಡಿಸಿ ಕಳಿಸಿದ್ದಳು. ಅವಸರದಲ್ಲಿ ತಾನೇ ಓದಿ ನೋಡಿರಲಿಲ್ಲ. ಮಾಡಿದ್ದು ಯಂತ್ರ. ಅದಕ್ಕೆ ಊರಿಲ್ಲ, ಮನೆಯಿಲ್ಲ, ಗಂಡು ಹೆಣ್ಣೆಂಬ ಭೇದವೂ ಇಲ್ಲ. ಎಲ್ಲರಿಗೂ ‘ಅವರು’ ಅಂದುಬಿಟ್ಟರೆ ಅದರ ಕೆಲಸ ಮುಗಿಯಿತು.

ಮಹಾಮಾಯಾ ಬೆರಳಿಟ್ಟುಕೊಂಡು ಓದಿದಳು. “ಅಕಿ ಸೋರ್ಮುನೆನ್ ಫಿನ್ಲೆಂಡಿನ ಮಾಜಿ ವೃತ್ತಿಪರ ಫುಟ್‌ಬಾಲ್ ಮಧ್ಯಕ್ಷೇತ್ರ ಆಟಗಾರ.”

“ಆಟಗಾರ ಅಂತ ಬರದದಲ್ಲಾ?” ಕಸ್ತೂರಿಬಾಯಿ ಕೇಳಿದಳು. ಮುದುಕಿ ಚುರುಕಾಗಿದ್ದಳು.

“ಹೆಂಗಸರಿಗೂ ಡಾಕ್ಟರ್ ಅಂತಾರ, ಗಂಡಸರಿಗೂ ಡಾಕ್ಟರ್ ಅಂತಾರಲ್ಲಾ ಕಾಕಿ? ಹಂಗ.”

“ಇರಬಹುದು. ಮಧ್ಯಕ್ಷೇತ್ರ ಅಂದ್ರ ಏನ?”

“ನಡುವ ಇರಾಕಿ. ಸಪನಾನೂ ಅದೇ ಆಡ್ತಾಳ. ಹಿಂದಿನವರ ಬಲ್ಲಿಂದ ಚಂಡ ತಗೊಂಡು ಮುಂದಿನವರಿಗಿ ಮುಟ್ಟಸಬೇಕಂತ. ಗೋಲ್ ಹೊಡಿಯೋರು ಬ್ಯಾರೆ. ಹೆಸರ ಅವರಿಗಿ.”

“ಅಯ್ಯ, ಅದಕ್ಕ ಬೀದರಿಗಿ ಯಾಕ ಹೋಗಬೇಕು? ಹಂತಾ ಆಟ ಎಲ್ಲಾ ಮನ್ಯಾಗ ಸೊಸಿ ಆಡ್ತಾಳ.”

ಮುಂದೆ ಓದಿದ ಹಾಗೆಲ್ಲ ಮಹಾಮಾಯಾಳ ದನಿ ಇಳಿಯುತ್ತ ಹೋಯಿತು. “ಅಕಿ ಹದಿನೇಳನೇ ವಯಸ್ಸಿನವರೆಗೆ ತವರು ತಂಡದಲ್ಲಿ ಬೆಳೆದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರನ್ನು ಸ್ವೀಡನ್ನಿಗೆ ಆರು ತಿಂಗಳ ಸಾಲದ ಮೇಲೆ ನೀಡಲಾಯಿತು. ನಂತರ ಸಾಲವನ್ನು ವಿಸ್ತರಿಸಲಾಯಿತು. ಹಿಂದಿರುಗಿದಾಗ ತವರಿನಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮತ್ತೆ ನಾರ್ವೆಗೆ ಸಾಲವಾಗಿ ಹೋದರು. ದೇಶಕ್ಕಾಗಿ ಇಪ್ಪತ್ಮೂರು ಟೋಪಿಗಳನ್ನು ಪಡೆದರು. ಎಡ ಮೊಣಕಾಲನ್ನು ಎರಡು ಬಾರಿ ಕತ್ತರಿಸಲಾಯಿತು. ಮೂವತ್ತೆರಡನೇ ವಯಸ್ಸಿನಲ್ಲಿ ಅವರನ್ನು ಬಿಟ್ಟುಬಿಡಲಾಯಿತು.”

ಕಸ್ತೂರಿಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಯವ್ವಾ! ಹೆಣ್ಣಮಗಳಿಗಿ ಸಾಲಕ್ಕ ಕೊಟ್ಟಾರ? ಮ್ಯಾಲ ಇಪ್ಪತ್ಮೂರು ಸಲ ಟೋಪಿ ಹಾಕ್ಯಾರ? ಒಂದ ಸಲ ಹಾಕಿಸ್ಕೊಂಡಾಕಿಗಿ ಎರಡನೇ ಸಲ ತಿಳೀಬಾರದಾ?”

“ದೇಶಾನೇ ಹಾಕಿದ್ರ ಅಕಿ ಏನ ಮಾಡ್ತಾಳ ಕಾಕಿ?”

“ಕಾಲ ಕಡದು, ಕಡೀಕ ಬಿಟ್ಟೂ ಬಿಟ್ಟಾರ. ಹಂತಾಕಿ ಬಂದು ನಿನ್ನ ಮಗಳಿಗಿ ಏನ ಕಲಸ್ತಾಳ?”

ಒಳಗೆ ಕಿಟಕಿಯ ಕೆಳಗೆ, ತನ್ನ ಹಾಸಿಗೆಯ ಸುರುಳಿಯ ಮೇಲೆ ಕುಳಿತು ಸಪನಾ ಬೂಟಿನ ಲೇಸು ತೊಳೆದು ಹಿಂಡುತ್ತಿದ್ದಳು. ಹದಿನಾಲ್ಕರ ಹುಡುಗಿ, ಮಾತು ಕಡಿಮೆ. ಆ ಮನೆಗೆ ಇದ್ದದ್ದು ಒಂದೇ ಕಿಟಕಿ, ಅದರ ಕೆಳಗಿನ ಜಾಗ ಮೊದಲಿನಿಂದಲೂ ಅವಳದು. ಅವಳು ಏನೋ ಹೇಳಲು ತಲೆ ಎತ್ತಿದಳು. “ನೀ ಸುಮ್ಮನಿರು, ದೊಡ್ಡವರು ಮಾತಾಡ್ಲತೀವಿ” ಎಂದಳು ಮಹಾಮಾಯಾ.

ಕಸ್ತೂರಿಬಾಯಿ ಏಳುವಾಗ ಒಳಗೆ ಒಂದು ಕಣ್ಣು ಹಾಯಿಸಿದಳು. “ಕಳಸ್ತಿ ಅಂದ್ರ ಒಂದ ಛಲೋ ಆಗ್ತದ ನೋಡು. ಆ ಕಿಡಕಿ ಬಲ್ಲಿ ಮಷೀನ ಇಡಬಹುದು. ಬೆಳಕ ಎಷ್ಟ ಛಂದ ಬರ್ತದ. ಇಲ್ಲಿ ಕತ್ತಲದಾಗ ಕುಂತು ಕಣ್ಣ ಕಳಕೊಳ್ಲತಿ.”

ಮಹಾಮಾಯಾ ಕಿಟಕಿಯ ಕಡೆ ನೋಡಿದಳು. ಇಲ್ಲ ಅನ್ನಲಿಲ್ಲ, ಹೌದೂ ಅನ್ನಲಿಲ್ಲ.

ಕಸ್ತೂರಿಬಾಯಿ ಹೋದ ಮೇಲೆ ಅವಳು ಅದೇ ಸಾಲನ್ನು ಮತ್ತೆ ಮತ್ತೆ ಓದಿದಳು. ಹಿಂದಿರುಗಿದಾಗ ತವರಿನಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಆ ಸಾಲು ಫಿನ್ಲೆಂಡಿನದಲ್ಲ, ಭಾಲ್ಕಿಯದು.

ಅವಳ ತವರೂ ಎಕಂಬಾವೇ. ಅವಳು ಏಳನೇ ತರಗತಿಯಲ್ಲಿದ್ದಾಗ ಭಾಲ್ಕಿಯ ಸೋದರತ್ತೆಗೆ ಹೆರಿಗೆಯಾಯಿತು. “ಎರಡ ತಿಂಗಳ ಹುಡಗಿಗಿ ಕಳಸ್ರಿ, ಕೈಗಿ ಒತ್ತಾಸಿ ಆಗ್ತಾಳ” ಎಂದು ಹೇಳಿಕಳಿಸಿದರು. ಮಹಾಮಾಯಾ ಪಾಟಿಚೀಲವನ್ನು ಗೂಟಕ್ಕೆ ಹಾಕಿ ಹೋದಳು. ಎರಡು ತಿಂಗಳು ಹತ್ತು ತಿಂಗಳಾಯಿತು. ಪ್ರತಿ ಶನಿವಾರ ಔರಾದ ಕಡೆಯ ಬಸ್ಸು ಬರುವ ಹೊತ್ತಿಗೆ ಹೊಸ್ತಿಲಲ್ಲಿ ನಿಂತು ಅಪ್ಪ ಬಂದನೇನೋ ಎಂದು ನೋಡುತ್ತಿದ್ದಳು. ಅಪ್ಪ ಬರಲಿಲ್ಲ. ಅಲ್ಲಿಂದಲೇ ಬೀದರಿನ ಕಾಕಾನ ಮನೆಗೆ, ಕಾಕುವಿಗೆ ಹುಷಾರಿಲ್ಲವೆಂದು. ಅಲ್ಲಿ ಮೂರು ವರ್ಷ. ಹೊಲಿಗೆ ಕಲಿತದ್ದು ಅಲ್ಲೇ, ಆ ಮಾತು ಬೇರೆ. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ, ಹೊಡೆಯಲಿಲ್ಲ, ಬಡಿಯಲಿಲ್ಲ. ಕೊನೆಗೆ ಎಕಂಬಾಕ್ಕೆ ಹೊಳ್ಳಿ ಬಂದಾಗ ಗೂಟದಲ್ಲಿ ಚೀಲ ಇರಲಿಲ್ಲ, ಅವಳು ಮಲಗುತ್ತಿದ್ದ ಜಾಗದಲ್ಲಿ ಜೋಳದ ಚೀಲಗಳಿದ್ದವು. ಶಾಲೆಯಲ್ಲಿ ಅವಳ ಜೊತೆಯವರು ಹತ್ತನೇ ತರಗತಿ ಮುಗಿಸಿದ್ದರು. “ಬಂದಿ ಏನವ್ವಾ” ಎಂದಳು ತಾಯಿ, ನೆಂಟರಿಗೆ ಹೇಳಿದ ಹಾಗೆ.

ಅದಕ್ಕೆ ಏನು ಹೆಸರು ಎಂದು ಇಷ್ಟು ವರ್ಷ ಮಹಾಮಾಯಾಳಿಗೆ ಗೊತ್ತಿರಲಿಲ್ಲ. ಈಗ ಯಂತ್ರ ಹೇಳಿಕೊಟ್ಟಿತು. ಸಾಲದ ಮೇಲೆ ನೀಡಲಾಯಿತು. ತಾನು ಅನುಭವಿಸಿದ್ದನ್ನು ಮಗಳಿಗೆ ಮಾಡಲಾರೆ ಎಂದು ಅವಳು ಆ ಗಳಿಗೆಯಲ್ಲೇ ತೀರ್ಮಾನಿಸಿದಳು.

ಗುರುವಾರ ಕರುಣಾ ಟೀಚರ್ ಸ್ಕೂಟಿ ಹಾಕಿಕೊಂಡು ಬಂದೇಬಿಟ್ಟಳು. ಚಹಾ ಕುಡಿಯುವ ಮೊದಲೇ ಮಹಾಮಾಯಾ ಹೇಳಿದಳು, “ಅಕಿ ಕತಿ ಓದೀನಿ ಟೀಚರ್. ನನ್ನ ಮಗಳು ಬರಂಗಿಲ್ಲ.”

“ಯಾಕ್ರಿ ಅಕ್ಕಾ?”

“ಸಾಲಕ್ಕ ಕೊಟ್ಟಾರ ಅಂತ ನೀವೇ ಕಳಸೀರಲ್ಲಾ.”

ಕರುಣಾ ಮೊಬೈಲು ಇಸಿದುಕೊಂಡು ಆ ಕನ್ನಡವನ್ನು ಮೊದಲ ಸಲ ಓದಿದಳು, ಓದುತ್ತ ಹಣೆ ಚಚ್ಚಿಕೊಂಡಳು. “ಥೂ, ಇದಕ್ಕ ಬೆಂಕಿ ಹತ್ತಲಿ. ಇದು ರೊಕ್ಕದ ಸಾಲ ಅಲ್ಲ್ರಿ. ಒಂದ ಟೀಮಿನ್ಯಾಗ ಆಡ್ಲಿಕ್ಕ ಜಾಗಾ ಇಲ್ಲಂದ್ರ ಪ್ಲೇಯರಿಗಿ ಬ್ಯಾರೆ ಟೀಮಿಗಿ ಕೊಡ್ತಾರ. ಥೋಡೆ ದಿನ ಅಲ್ಲಿ ಆಡಬೇಕು. ಆಮ್ಯಾಲ ಹೊಳ್ಳಿ ತಗೋತಾರ.”

“ಮನಶ್ಯಾರಿಗಿ?”

“ಹೌದ್ರಿ, ಮನಶ್ಯಾರಿಗೇ.”

“ನಾ ಮತ್ತೇನ ಹೇಳ್ಲತೀನಿ!”

ಕರುಣಾಳಿಗೆ ತಬ್ಬಿಬ್ಬಾಯಿತು. ಯಂತ್ರದ ತಪ್ಪು ತಿದ್ದಲು ಹೊರಟವಳು ತಿದ್ದಿ ನೋಡಿದರೆ ಅರ್ಥ ಅಲ್ಲೇ ಇತ್ತು, ಒಂದು ಬೆರಳಿನಷ್ಟೂ ಸರಿದಿರಲಿಲ್ಲ. ಟೋಪಿಯ ಕಡೆಗೆ ತಿರುಗಿದಳು. “ಟೋಪಿ ಅಂದ್ರ ಮೋಸ ಅಲ್ಲ. ದೇಶದ ಕಡಿಂದ ಒಂದ ಮ್ಯಾಚ್ ಆಡಿದ್ರ ಒಂದ ಟೋಪಿ. ಮರ್ಯಾದಿ ಅದು.”

“ಇಪ್ಪತ್ಮೂರು ಟೋಪಿ ತಗೊಂಡು ಏನ ಮಾಡೋದ್ರಿ? ತಲಿ ಒಂದೇ ಅದ.”

“ಕಾಲ ಕಡದಿಲ್ಲ, ಆಪರೇಶನ್ ಮಾಡ್ಯಾರ.”

“ಬಿಟ್ಟಾರ ಅಂತ ಬರದದಲ್ಲಾ, ಅದು ಖರೇನೋ ಸುಳ್ಳೋ?”

“ಅದು... ಖರೇ. ವಯಸ್ಸಾಯ್ತು, ಮೊಣಕಾಲ ಹೋಯ್ತು, ಬಿಟ್ರು. ಎಲ್ಲಾರಿಗೂ ಬಿಡ್ತಾರ್ರಿ ಅಕ್ಕಾ.”

ಮಹಾಮಾಯಾ ಚಹಾದ ಕಪ್ಪನ್ನು ಅವಳ ಮುಂದೆ ಸರಿಸಿದಳು. ಅವಳ ಮನಸ್ಸು ಈಗ ಎರಡು ಕಡೆ ಎಳೆಯುತ್ತಿತ್ತು. ಮಗಳನ್ನು ಕಳಿಸಬಾರದು ಅನ್ನುವುದು ಒಂದು. ಆ ಫಿನ್ಲೆಂಡಿನಾಕೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು, ಪಕ್ಕದಲ್ಲಿ ಕುಳಿತು ಕೇಳಬೇಕು ಅನ್ನುವುದು ಇನ್ನೊಂದು. ತನ್ನಂಥದೇ ಬಾಳು ಬಾಳಿದ ಇನ್ನೊಬ್ಬಳು ಭೂಮಿಯ ಮೇಲಿದ್ದಾಳೆ ಎಂದು ಅವಳಿಗೆ ಈ ವಾರದವರೆಗೆ ತಿಳಿದಿರಲಿಲ್ಲ.

“ಒಂದ ಕೆಲಸ ಮಾಡ್ರಿ,” ಕರುಣಾ ಸೋತ ದನಿಯಲ್ಲಿ ಹೇಳಿದಳು. “ಐತಾರ ಸಪನಾಗ ಕರಕೊಂಡು ಬೀದರಿಗಿ ಬರ್ರಿ. ಅಕಿಗೇ ಕೇಳ್ರಿ. ನಾ ಇಂಗ್ಲಿಷಿನ್ಯಾಗ ಹೇಳ್ತೇನಿ.”

“ಅಕಿಗೇ ಕೇಳ್ತೇನಿ” ಎಂದಳು ಮಹಾಮಾಯಾ. ಹೀಗೆ ಇಬ್ಬರೂ ಒಂದೇ ಮಾತು ಹೇಳಿ, ಒಬ್ಬಳು ಗಂಡಸನ್ನೂ ಒಬ್ಬಳು ಹೆಂಗಸನ್ನೂ ಮನಸ್ಸಿನಲ್ಲಿಟ್ಟುಕೊಂಡು ಬೇರೆಯಾದರು.

ಬರಿಗೈಯಲ್ಲಿ ಹೋಗುವುದು ಹೇಗೆ? ಶುಕ್ರವಾರ, ಶನಿವಾರ ಎರಡು ದಿನ ಕುಳಿತು ಮಹಾಮಾಯಾ ನೀಲಿ ಬಟ್ಟೆಯಲ್ಲಿ ಒಂದು ಜಂಪರ್ ಹೊಲಿದಳು, ಅಂಚಿಗೆ ಹಳದಿ ಪಟ್ಟಿ ಕೊಟ್ಟಳು. ಪರದೇಶದ ಹೆಂಗಸರು ಎತ್ತರ ಇರುತ್ತಾರೆಂದು ಅಂದಾಜಿನ ಮೇಲೆ ಎರಡು ಬೆರಳು ಹೆಚ್ಚಿಗೆ ಬಿಟ್ಟಳು. ಸಪನಾ ನೋಡುತ್ತಿದ್ದಳು. “ಅವ್ವ, ಇದು ಯಾರಿಗಿ?” “ಅಕಿಗಿ” ಎಂದಳು ತಾಯಿ. ಸಪನಾ ಶಾಲೆಯ ಮೊಬೈಲಿನಲ್ಲಿ ಆ ಮನುಷ್ಯನ ಆಟದ ವಿಡಿಯೋ ಹತ್ತು ಸಲ ನೋಡಿದ್ದಳು. ಆದರೆ ಸುಮ್ಮನಿರು ಅನ್ನಿಸಿಕೊಂಡವಳು ದೊಡ್ಡವರನ್ನು ಮತ್ತೆ ತಿದ್ದಲು ಹೋಗಲಿಲ್ಲ.

ಭಾನುವಾರ ಇಬ್ಬರೂ ಔರಾದಿನಲ್ಲಿ ಬಸ್ಸು ಬದಲಿಸಿ ಬೀದರ ಮುಟ್ಟಿದಾಗ ಹತ್ತೂವರೆ. ಕ್ರೀಡಾಂಗಣದ ಕೆಂಪು ಮಣ್ಣಿನಲ್ಲಿ ಹುಡುಗಿಯರು ಆಗಲೇ ಓಡುತ್ತಿದ್ದರು. ಸಪನಾ ಬೂಟು ಕಟ್ಟಿಕೊಂಡು ಅವರ ನಡುವೆ ಸೇರಿಹೋದಳು. ಹಾಸ್ಟೆಲಿನ ವ್ಯವಸ್ಥೆ ನೋಡಿಕೊಳ್ಳುವ ನಾಗಸೇನ ಕೈಯಲ್ಲಿ ಫಾರ್ಮುಗಳ ಕಟ್ಟು ಹಿಡಿದು ಬೇವಿನ ಗಿಡದ ನೆರಳಲ್ಲಿ ನಿಂತಿದ್ದ. ಕರುಣಾ ಟೀಚರ್ ಇನ್ನೂ ಬಂದಿರಲಿಲ್ಲ.

“ಅಣ್ಣಾರ, ಅಕಿ ಎಲ್ಲಿದ್ದಾಳ್ರಿ?” ಮಹಾಮಾಯಾ ಕೇಳಿದಳು.

“ಸಪನಾ? ಅಗೋ ಓಡ್ಲತಾಳಲ್ರಿ.”

“ನಮ್ಮಾಕಿ ಅಲ್ಲ್ರಿ. ಫಿನ್ಲೆಂಡಿನ ಅಕಿ.”

“ಓ, ಅಕಿ ಸರ್! ಅಲ್ಲಿ ಚಂಡ ಹಿಡಕೊಂಡು ನಿಂತಾರ ನೋಡ್ರಿ.”

ಮಹಾಮಾಯಾ ನೋಡಿದಳು. ಅಲ್ಲಿ ಚೆಂಡು ಹಿಡಿದು ನಿಂತದ್ದು ಆರಡಿ ಮೀರಿದ ಒಬ್ಬ ಗಂಡಸು. ಬೋಳು ತಲೆ, ಕೆಂಚು ಗಡ್ಡ, ಬಿಸಿಲಿಗೆ ಸೀಗಡಿಯ ಹಾಗೆ ಕೆಂಪಾದ ಮೂಗು. ಮಹಾಮಾಯಾ ಅವನ ಆ ಮಗ್ಗುಲು ನೋಡಿದಳು, ಈ ಮಗ್ಗುಲು ನೋಡಿದಳು. ಅವನ ಹಿಂದೆ ಆ ಹೆಂಗಸು ಎಲ್ಲಾದರೂ ಮರೆಯಾಗಿದ್ದಾಳೇನೋ ಎಂದು ಎರಡು ಹೆಜ್ಜೆ ಪಕ್ಕಕ್ಕೂ ಸರಿದಳು. ಆಮೇಲೆ ಆ ಮನುಷ್ಯ ಎಡಗಾಲನ್ನು ಸ್ವಲ್ಪ ಎಳೆದುಕೊಂಡು ನಡೆದ. ಆಗ ಗೊತ್ತಾಯಿತು. ಎಡ ಮೊಣಕಾಲು, ಎರಡು ಸಲ.

ಜಂಪರಿನ ಚೀಲವನ್ನು ಅವಳು ಸೆರಗಿನೊಳಗೆ ಹುದುಗಿಸಿದಳು. ಕಿವಿ ಬಿಸಿಯಾದವು. ಒಂದು ವಾರ ಯಾರಿಗಾಗಿ ಮರುಗಿದಳೋ ಆ ಹೆಂಗಸು ಎಲ್ಲೂ ಇಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಇದ್ದೊಬ್ಬ ಗೆಳತಿ ಸತ್ತಷ್ಟೇ ಆಯಿತು.

ಅಷ್ಟರಲ್ಲಿ ಬಂದ ಕರುಣಾ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಆ ಮನುಷ್ಯನಿಗೆ ಹೇಳಿಯೂಬಿಟ್ಟಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಗಿಡದ ಬುಡದಲ್ಲಿ ಕುಳಿತು ಕಾಲು ಚಾಚಿ ಏನೋ ಹೇಳಿದ. ಕರುಣಾ ಕನ್ನಡಕ್ಕೆ ತಂದಳು. “ಅವರ ಭಾಷಾದಾಗ ಅಂವ ಅನ್ಲಿಕ್ಕೂ ಅಕಿ ಅನ್ಲಿಕ್ಕೂ ಒಂದೇ ಶಬ್ದ ಅಂತ್ರಿ.”

“ಹಂಗಾದ್ರ ಯಾರ ಸುದ್ದಿ ಅಂತ ಹ್ಯಾಂಗ ತಿಳೀತದ?”

“ತಿಳೀಲಿಲ್ಲಂದ್ರ ಕೇಳ್ತೀವಿ ಅಂತಾರ.”

ಮಹಾಮಾಯಾ ಅವನ ಮೊಣಕಾಲಿನ ಮೇಲಿದ್ದ ಎರಡು ಗೀರುಗಳನ್ನು ನೋಡಿದಳು. ಹೊಲಿಗೆ ಬಲ್ಲವಳಿಗೆ ಅದು ಒಳ್ಳೆಯ ಹೊಲಿಗೆ ಎಂದು ಕಂಡಿತು. ಗಂಡಸಾದರೇನು, ಕೇಳಲು ಬಂದದ್ದನ್ನು ಕೇಳಿಯೇ ಹೋಗಬೇಕು ಎಂದು ಧೈರ್ಯ ಮಾಡಿದಳು. “ಗಂಡಸರಿಗೂ ಸಾಲಕ್ಕ ಕೊಡ್ತಾರ ಅಂತ ನನಗ ಗೊತ್ತಿದ್ದಿಲ್ಲ್ರಿ. ಕೊಡಬೇಕಾದ್ರ ನಿಮಗ ಯಾರರ ಕೇಳಿದ್ರಾ?”

ಕರುಣಾ ಇಂಗ್ಲಿಷಿನಲ್ಲಿ ಹೇಳಿದಳು. ಪತ್ರಿಕೆಯವರು ಅವನನ್ನು ಗೋಲಿನ ಬಗ್ಗೆ, ಟೋಪಿಯ ಬಗ್ಗೆ, ಮೊಣಕಾಲಿನ ಬಗ್ಗೆ ಕೇಳಿದ್ದರು. ಇದನ್ನು ಯಾರೂ ಕೇಳಿದಂತಿರಲಿಲ್ಲ. ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ ನಿಧಾನಕ್ಕೆ ಹೇಳಿದ. ಕರುಣಾ ತುಂಡು ತುಂಡಾಗಿ ಕನ್ನಡ ಮಾಡಿದಳು.

“ಇಲ್ಲಂತ್ರಿ. ಮಂಗಳವಾರ ಕರದು ಹೇಳಿದ್ರಂತ, ಬುಧವಾರ ಹೋಗ್ಬಿಟ್ರಂತ. ಹತ್ತೊಂಬತ್ತು ವರ್ಷ ಇತ್ತಂತ. ಆರ ತಿಂಗಳ ಅಂದದ್ದು ಹನ್ನೊಂದ ತಿಂಗಳಾಯ್ತಂತ. ಅಲ್ಲಿ ಮಂದಿ ಛಲೋ ಇದ್ರಂತ, ಆಟಾನೂ ಛಲೋ ಆಯ್ತಂತ. ಆದ್ರ ತವರ ಕ್ಲಬ್ಬಿನವರು ಹನ್ನೊಂದ ತಿಂಗಳದಾಗ ಒಂದ ಸಲಾನೂ ಫೋನ್ ಮಾಡ್ಲಿಲ್ಲಂತ. ಹೊಳ್ಳಿ ಹೋಗಿ ನೋಡಿದ್ರ ಅವರ ಬೂಟ ಇಡೋ ಖಾನಿದಾಗ ಬ್ಯಾರೆಯವರ ಬೂಟ ಇದ್ವಂತ.”

ಮಹಾಮಾಯಾಳ ಕಣ್ಣು ತುಂಬಿದವು. ಜೋಳದ ಚೀಲಗಳ ವಿಷಯ ಹೇಳಬೇಕೆಂದು ಬಾಯಿಗೆ ಬಂತು, ಅದರ ಬದಲು ಕೇಳಿದಳು, “ಮತ್ತ ಎರಡನೇ ಸಲ ಯಾಕ ಹೋದ್ರಿ?”

ಈ ಸಲ ಅವನು ನಕ್ಕ. “ಎರಡನೇ ಸಲ ತಾವೇ ಕೇಳಿದ್ರಂತ್ರಿ. ನನಗ ಕಳಸ್ರಿ, ಅಲ್ಲಿ ಆಡ್ತೇನಿ ಅಂತ. ಎರಡೂ ಸಾಲಾನೇ. ಆದ್ರ ಒಂದೇ ಅಲ್ಲ ಅಂತಾರ.”

ಮಹಾಮಾಯಾ ಲೆಕ್ಕ ಹಾಕಿದಳು. ಅದೇ ಮನೆ ಬಿಡುವುದು, ಅದೇ ಪರಊರು, ಅದೇ ಸಾಲ. ಎರಡೂ ಒಂದೇ ಅಲ್ಲ ಅಂದರೆ ಹೇಗೆ? ಕಳಿಸಿದರೆ ತಾನು ತನ್ನ ಅಪ್ಪನ ಹಾಗಾಗುತ್ತೇನೆ. ಕಳಿಸದಿದ್ದರೆ ಯಾರ ಹಾಗಾಗುತ್ತೇನೆ ಎಂದು ಯೋಚಿಸಿದಳು. ಮೈದಾನದಲ್ಲಿ ಸಪನಾ ನಡುವೆ ನಿಂತು ಹಿಂದಿನವರಿಂದ ಚೆಂಡು ತೆಗೆದುಕೊಂಡು, ಒಮ್ಮೆ ತಲೆ ಎತ್ತಿ ನೋಡಿ, ಮುಂದಿನವರಿಗೆ ಮುಟ್ಟಿಸುತ್ತಿದ್ದಳು. ಎಷ್ಟು ಸಲೀಸಾಗಿ ಕೊಡುತ್ತಿದ್ದಳು ಅಂದರೆ ಅದು ಕೆಲಸದ ಹಾಗೇ ಕಾಣುತ್ತಿರಲಿಲ್ಲ. ಮಹಾಮಾಯಾ ಮಗಳ ಆಟ ನೋಡಿದ್ದು ಅದೇ ಮೊದಲು.

ಸೀಟಿ ಊದಿದರು. ಹುಡುಗಿಯರು ನೀರಿಗೆ ಬಂದರು. ನಾಗಸೇನ ಗಡಿಯಾರ ನೋಡಿಕೊಂಡು ಹತ್ತಿರ ಬಂದ. “ಅಕ್ಕಾ, ನಿಮ್ಮದೊಂದೇ ಉಳದದರಿ. ಸಹಿ ಮಾಡ್ತೀರೋ, ಜನವಾಡದವರಿಗಿ ಫೋನ್ ಹಚ್ಚಲೋ? ಏನಂತೀರಿ?”

ಎಲ್ಲರೂ ಅವಳ ಮುಖವನ್ನೇ ನೋಡಿದರು. ಕರುಣಾ ನೋಡಿದಳು, ಮೂರು ಹೆಜ್ಜೆ ದೂರದಲ್ಲಿ ಬಾಟಲಿ ಹಿಡಿದು ನಿಂತ ಸಪನಾಳೂ ನೋಡಿದಳು. ಮಂಗಳವಾರ ಕರೆದು ಹೇಳಿದರು, ಬುಧವಾರ ಹೋಗಿಬಿಟ್ಟರು. ಒಂದು ವಾರದಿಂದ ತಾನು ಕಸ್ತೂರಿಬಾಯಿಯನ್ನು ಕೇಳಿದ್ದೇನೆ, ಟೀಚರನ್ನು ಕೇಳಿದ್ದೇನೆ, ಸಮುದ್ರದಾಚೆಯ ಈ ಗಡ್ಡದವನನ್ನೂ ಕೇಳಿದ್ದೇನೆ.

“ನನಗ ಯಾಕ ಕೇಳ್ತೀರ್ರಿ?” ಎಂದಳು. “ಅಕಿಗಿ ಕೇಳ್ರಿ.”

ಎಲ್ಲರೂ ಒಟ್ಟಿಗೆ ಫಿನ್ಲೆಂಡಿನವನ ಕಡೆ ತಿರುಗಿದರು. ತನ್ನ ಹೆಸರು ಕೇಳಿದ ಅವನು ಗಾಬರಿಯಾಗಿ ಎದೆಯ ಮೇಲೆ ಬೆರಳಿಟ್ಟುಕೊಂಡು, ನಾನಾ ಎಂಬಂತೆ ಕರುಣಾಳನ್ನು ನೋಡಿದ. ನಾಗಸೇನ ಫಾರ್ಮನ್ನು ಅವನ ಮುಂದೆ ಹಿಡಿದೇಬಿಟ್ಟಿದ್ದ.

“ಆ ಅಕಿಗಿ ಅಲ್ಲ್ರಿ!” ಮಹಾಮಾಯಾ ಹೆಚ್ಚುಕಡಿಮೆ ಕೂಗಿದಳು. “ನಮ್ಮ ಅಕಿಗಿ. ಸಪನಾಗ. ಹೋಗಾಕಿ ಅಕಿ, ಅಕಿಗಿ ಒಬ್ರೂ ಕೇಳಿಲ್ಲ. ನಾನೂ ಕೇಳಿಲ್ಲ.”

ಯಾರೂ ನಗಲಿಲ್ಲ. ಸಪನಾ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದಳು. ಯಾರೂ ತನ್ನನ್ನು ಕೇಳಿ ರೂಢಿಯಿಲ್ಲದ ಹುಡುಗಿ. ತನ್ನನ್ನೇ ಕೇಳುತ್ತಿದ್ದಾರೋ, ಹಿಂದೆ ಇನ್ನಾರಾದರೂ ಇದ್ದಾರೋ ಎಂದು ಒಮ್ಮೆ ತಿರುಗಿ ನೋಡಿದಳು. ಮಹಾಮಾಯಾ ಅವಳ ಹತ್ತಿರ ಹೋಗಿ ನಿಂತಳು. “ಹೇಳವ್ವಾ. ನಿನಗ ಹೋಗಬೇಕಾಗ್ಯದೇನು? ಬ್ಯಾಡ ಅಂದ್ರೂ ನಡೀತದ, ಹೂಂ ಅಂದ್ರೂ ನಡೀತದ.”

ಸಪನಾ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು.

“ಹೋಗ್ತೇನಿ,” ಸಪನಾ ಹೇಳಿದಳು. ಆಮೇಲೆ ನೆಲ ನೋಡುತ್ತ, ತಾಯಿಗೆ ಮಾತ್ರ ಕೇಳುವಂತೆ, “ಆದ್ರ ಅವ್ವ, ಆ ಕಿಡಕಿ ಬಲ್ಲಿ ಮಷೀನ ಇಡಬ್ಯಾಡ.”

ಹುಡುಗಿ ಅಂದು ಕೇಳಿಸಿಕೊಂಡಿದ್ದಳು. ತಾನು ಇಲ್ಲ ಅನ್ನದೆ ಇದ್ದದ್ದನ್ನೂ ಕೇಳಿಸಿಕೊಂಡಿದ್ದಳು. “ಇಡಂಗಿಲ್ಲ” ಎಂದಳು ಮಹಾಮಾಯಾ. ನಾಗಸೇನನ ಕೈಯಿಂದ ಪೆನ್ನು ತೆಗೆದುಕೊಂಡು, ಏಳನೇ ತರಗತಿಯಲ್ಲಿ ಬರೆಯುತ್ತಿದ್ದ ದುಂಡು ಅಕ್ಷರದಲ್ಲಿ ತನ್ನ ಪೂರ್ತಿ ಹೆಸರು ಬರೆದಳು.

ಹೊರಡುವಾಗ ಸೆರಗಿನೊಳಗಿನ ಚೀಲ ನೆನಪಾಯಿತು. ಆ ಗಡ್ಡದ ಮನುಷ್ಯನ ಕೈಗೆ ಅದನ್ನು ತುರುಕಿ, “ನಿಮ್ಮ ಅವ್ವಗ ಕೊಡ್ರಿ” ಎಂದಳು. ಅವನು ಬಿಚ್ಚಿ ನೋಡಿದ, ನೀಲಿ ಜಂಪರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದ. ಅಲ್ಲಿ ಅದನ್ನು ಹೇಗೆ ತೊಡುತ್ತಾರೋ, ಅವನ ತಾಯಿಗೆ ಅಳತೆ ಕೂಡುತ್ತದೋ ಇಲ್ಲವೋ, ಅದೆಲ್ಲ ಮಹಾಮಾಯಾಳಿಗೆ ಗೊತ್ತಿಲ್ಲ.

ಸಪನಾ ಬೀದರಿಗೆ ಹೋಗಿ ಏಳು ತಿಂಗಳಾಯಿತು. ಪ್ರತಿ ಶನಿವಾರ ಮಹಾಮಾಯಾ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಾಳೆ, ಜ್ವರ ಬಂದ ವಾರವೂ ಹೋಗಿದ್ದಳು. ಕಸ್ತೂರಿಬಾಯಿ ಬಂದಾಗಲೆಲ್ಲ ಕಿಟಕಿಯ ಕಡೆ ನೋಡಿ, ಅಷ್ಟು ಬೆಳಕು ಖಾಲಿಪಿಲಿ ಹೋಗುತ್ತದೆ ಎಂದು ಮರುಗುತ್ತಾಳೆ. ಕಿಟಕಿಯ ಕೆಳಗೆ ಹಾಸಿಗೆಯ ಸುರುಳಿ ಹಾಗೇ ಇದೆ. ಮಷೀನು ಕತ್ತಲ ಮೂಲೆಯಲ್ಲೇ ಇದೆ, ಸೂಜಿಗೆ ದಾರ ಪೋಣಿಸಬೇಕಾದರೆ ಮಹಾಮಾಯಾ ಎದ್ದು ಬಾಗಿಲಿಗೆ ಬರುತ್ತಾಳೆ.